ಮುಸುರೆ ಯಂತ್ರದ ನೀರು ಕಾಯದಿದ್ದರೆ...

ಬೆಳಗಾವಿಯ ಪೂರ್ವಕ್ಕೆ ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿರುವ ಸಾಂಬ್ರಾ ವಿಮಾನಗಳ ಊರು. ನಾಗರಿಕ ವಿಮಾನ ನಿಲ್ದಾಣದ ಜೊತೆಗೆ ವಾಯುಪಡೆಯ ತರಬೇತಿ ಶಾಲೆಯೂ ಅಲ್ಲಿದೆ. ಅಂಥ ಊರಿಗೆ ವರ್ಗವಾಗಿ ಬರುವ ಸಂಸಾರಗಳ ಸಾಮಾನಿನ ಲಾರಿಯಿಂದ ಈಗ ಮಂಚ, ಕಪಾಟುಗಳ ಹಿಂದೆಯೇ ಪಾತ್ರೆ ತೊಳೆಯುವ ಯಂತ್ರವೂ ಇಳಿಯುವುದುಂಟು. ೨೦೨೦ರ ಲಾಕ್‌ಡೌನ್ ಕಾಲದಲ್ಲಿ ಮನೆಗೆಲಸದವರು ಬರಲಾಗದೆ ಹೋದಾಗ, ಅನೇಕ ಮನೆಗಳು ಈ ಯಂತ್ರವನ್ನು ಬರಮಾಡಿಕೊಂಡವು.

ಅಂಥದೊಂದು ಮನೆಯನ್ನು ಊಹಿಸಿಕೊಳ್ಳಬಹುದು. ಹೊಸ ಊರಿಗೆ ಬಂದು ಆರು ತಿಂಗಳಾಗಿದೆ. ಹಬ್ಬಕ್ಕೆಂದು ಸೊಸೆ ಬೆಳಗಾವಿಯ ಕುಂದಾವನ್ನು ಮನೆಯಲ್ಲಿಯೇ ಕಾಸಿದ್ದಾಳೆ. ರಾತ್ರಿ ಮುಸುರೆಯನ್ನೆಲ್ಲ ಯಂತ್ರಕ್ಕೆ ತುಂಬಿ ಮಲಗಿದವಳು ಬೆಳಿಗ್ಗೆ ಬಾಗಿಲು ತೆರೆದರೆ ತಟ್ಟೆಗಳ ಮೇಲೆ ತುಪ್ಪದ ಪೊರೆ, ಮೂಲೆಯಲ್ಲಿ ಅರೆಗರಗಿದ ಮಾರ್ಜಕದ ಬಿಲ್ಲೆ. ಅತ್ತೆಯ ಮಾತು ಸಿದ್ಧವಾಗಿಯೇ ಇರುತ್ತದೆ: “ನಾ ಅಂದಿರಲಿಲ್ಲೇನವಾ? ಭಾಂಡೆ ಕೈಲೇ ತಿಕ್ಕಿದರೇನs ಸ್ವಚ್ಛ ಆಗೂದು.” ಯಂತ್ರ ಸೋತರೆ ಮತ್ತೆ ಬಚ್ಚಲ ಕಟ್ಟೆಯ ಮುಂದೆ ಕುಳಿತುಕೊಳ್ಳಬೇಕಾದವಳು ಸೊಸೆಯೇ. ಆದುದರಿಂದ ಈ ಚಿಂತೆ ಅವಳಿಗೆ ಸಣ್ಣದಲ್ಲ.

ಬಿಸಿನೀರಿಲ್ಲದೆ ಈ ಯಂತ್ರಕ್ಕೆ ಜೀವವಿಲ್ಲ. ಅಮೆರಿಕದ ಇಲಿನಾಯ್ ಪ್ರಾಂತದ ಜೋಸೆಫೀನ್ ಕಾಕ್ರೇನ್ ಎಂಬ ಗೃಹಿಣಿ ೧೮೮೬ರಲ್ಲಿ ಹಕ್ಕುಪತ್ರ ಪಡೆದು, ೧೮೯೩ರ ಷಿಕಾಗೋ ಪ್ರದರ್ಶನದಲ್ಲಿ ಮೆಚ್ಚುಗೆ ಗಳಿಸಿದ ಯಂತ್ರವೂ ಬಿಸಿ ಸಾಬೂನು ನೀರನ್ನು ಪಾತ್ರೆಗಳ ಮೇಲೆ ಚಿಮ್ಮಿಸುತ್ತಿತ್ತು. ಕೈಯಲ್ಲಿ ತಿಕ್ಕುವಾಗ ನಾರು ಮಾಡುವ ಕೆಲಸವನ್ನು ಇಲ್ಲಿ ಶಾಖ, ಮಾರ್ಜಕ ಮತ್ತು ನೀರಿನ ರಭಸ ಹಂಚಿಕೊಳ್ಳುತ್ತವೆ. ಶಾಖ ತಪ್ಪಿದರೆ ಜಿಡ್ಡು ಕರಗದು.

ರಿಪೇರಿಯವನನ್ನು ಕರೆಯುವ ಮುನ್ನ ಮನೆಯಲ್ಲಿಯೇ ನೋಡಬಹುದಾದ ಸಂಗತಿಗಳು ಹಲವಿವೆ. ಮೊದಲನೆಯದು, ಆರಿಸಿದ ಕ್ರಮ. ಮಿತವ್ಯಯದ ಕ್ರಮದಲ್ಲಿ ನೀರು ಸುಮಾರು ೫೦ ಡಿಗ್ರಿಯವರೆಗೆ ಮಾತ್ರ ಕಾಯುತ್ತದೆ. ಜಿಡ್ಡಿನ ಪಾತ್ರೆಗಳ ಕ್ರಮದಲ್ಲಿ ೬೫ರಿಂದ ೭೦ ಡಿಗ್ರಿ. ಬರಿಯ ಜಾಲಿಸುವ ಕ್ರಮದಲ್ಲಿ ನೀರು ಕಾಯದೆಯೂ ಇರಬಹುದು. ಗುಂಡಿ ತಪ್ಪಿದ್ದರೆ ದೋಷ ಯಂತ್ರದ್ದಲ್ಲ.

ಎರಡನೆಯದು, ನೀರು ನಿಜವಾಗಿಯೂ ಕಾಯುತ್ತಿದೆಯೇ ಎಂಬ ಪರೀಕ್ಷೆ. ಇದಕ್ಕೆ ಯಂತ್ರವನ್ನು ಬಿಚ್ಚಬೇಕಾಗಿಲ್ಲ. ಮನೆಯ ಇತರ ವಿದ್ಯುತ್ ಉಪಕರಣಗಳನ್ನೆಲ್ಲ ಆರಿಸಿ, ಜಿಡ್ಡಿನ ಪಾತ್ರೆಗಳ ಕ್ರಮವನ್ನು ನಡೆಸಿ, ಮೀಟರಿನ ಮಿನುಗುವ ದೀಪವನ್ನು ಆಗಾಗ ಗಮನಿಸಿದರೆ ಸಾಕು. ಪಂಪು ಮಾತ್ರ ತಿರುಗುವಾಗ ದೀಪ ನಿಧಾನವಾಗಿ ಮಿನುಗುತ್ತದೆ. ಸುಮಾರು ೧೮೦೦ ವಾಟ್‌ಗಳ ಕಾಯಿಸುವ ಸುರುಳಿ ಹೊತ್ತಿಕೊಂಡೊಡನೆ ಬಡಬಡನೆ ಮಿನುಗತೊಡಗುತ್ತದೆ. ಮುಖ್ಯ ತೊಳೆತ ಮುಗಿಯುವವರೆಗೂ ಅದು ನಿಧಾನವಾಗಿಯೇ ಇದ್ದರೆ, ಸುರುಳಿಗೆ ವಿದ್ಯುತ್ತು ಹರಿದಿಲ್ಲವೆಂದೇ ತಿಳಿಯಬೇಕು.

ಹಾಗೆಂದು ಸುರುಳಿಯೇ ಸುಟ್ಟಿದೆಯೆಂದು ತೀರ್ಮಾನಿಸುವುದು ಆತುರವಾದೀತು. ಸಾಕಷ್ಟು ನೀರು ಸುತ್ತಿ ಹರಿಯದಿದ್ದರೆ ಸುರುಳಿ ಹೊತ್ತದಂತೆ ಇಂದಿನ ಅನೇಕ ಯಂತ್ರಗಳಲ್ಲಿ ಕಾವಲು ಇರಿಸಿರುತ್ತಾರೆ. ತಳದ ಜಾಲರಿಯಲ್ಲಿ ಅನ್ನದ ಅಗುಳು, ಕರಿಬೇವಿನ ಎಲೆ ಸಿಕ್ಕಿಕೊಂಡಿದ್ದರೂ, ನಲ್ಲಿಯ ನೀರಿನ ಒತ್ತಡ ಕಡಿಮೆಯಿದ್ದರೂ, ಕೈತೊಳೆತದ ಸಾಬೂನು ಹಾಕಿ ನೊರೆಯೆದ್ದು ಪಂಪು ಗಾಳಿ ಹೀರಿದರೂ ಫಲ ಒಂದೇ: ತಣ್ಣೀರು. ಜಾಲರಿ ತೊಳೆಯುವುದು ಐದು ನಿಮಿಷದ ಕೆಲಸ.

ಮೂರನೆಯದು ವಿದ್ಯುತ್ತಿನ ಒತ್ತಡ. ಸುರುಳಿಯ ಶಕ್ತಿ ಒತ್ತಡದ ವರ್ಗಕ್ಕೆ ಅನುಗುಣವಾಗಿರುತ್ತದೆ. ೨೩೦ ವೋಲ್ಟ್ ಇರಬೇಕಾದಲ್ಲಿ ೧೮೦ ಮಾತ್ರ ಬಂದರೆ ಶಾಖ ೧೦೦ಕ್ಕೆ ೬೧ ಪಾಲಿಗೆ ಇಳಿಯುತ್ತದೆ. ಯಂತ್ರಕ್ಕೆ ೧೬ ಆಂಪಿಯರಿನ ಪ್ರತ್ಯೇಕ ಸಾಕೆಟ್ ಮತ್ತು ಸರಿಯಾದ ಅರ್ಥಿಂಗ್ ಇರಬೇಕು. ತೆಳ್ಳನೆಯ ಎಳೆತಂತಿ ಕೂಡದು.

ನಾಲ್ಕನೆಯದನ್ನು ಊರು ಬದಲಿಸಿದವರು ಮರೆಯುವುದೇ ಹೆಚ್ಚು. ಬೆಳಗಾವಿ ನಗರಕ್ಕೆ ರಾಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳ ನೀರು ಬರುತ್ತದೆ; ಹೊರವಲಯದ ಮನೆಯಲ್ಲಿ ಕೊಳವೆಬಾವಿಯ ನೀರು ಇರಬಹುದು. ಅದು ಗಡಸು ನೀರಾಗಿದ್ದರೆ ಕಾದಂತೆಲ್ಲ ಸುಣ್ಣ ಬಿಡುತ್ತದೆ. ಸುರುಳಿಯ ಮೇಲೆ ಪದರು ಕಟ್ಟಿದ ಆ ಸುಣ್ಣ ಶಾಖವನ್ನು ನೀರಿಗೆ ಬಿಟ್ಟುಕೊಡದೆ ಸುರುಳಿಯನ್ನೇ ಬೇಯಿಸುತ್ತದೆ. ಇದನ್ನು ತಡೆಯಲೆಂದೇ ಯಂತ್ರದಲ್ಲಿ ನೀರನ್ನು ಮೆದುಗೊಳಿಸುವ ಭಾಗವೊಂದಿದ್ದು, ಅದಕ್ಕೆಂದೇ ಮಾರುವ ಹರಳುಪ್ಪನ್ನು ತುಂಬಬೇಕು. ಅಡಿಗೆಯ ಪುಡಿಯುಪ್ಪು ಸಲ್ಲದು. ಹಳೆಯ ಊರಿನ ಮೆದು ನೀರಿಗೆ ಹೊಂದಿಸಿದ್ದ ಗಡಸುತನದ ಅಂಕೆಯನ್ನು ಹೊಸ ಊರಿನ ನೀರಿಗೆ ತಕ್ಕಂತೆ ಬದಲಿಸಬೇಕು. ಕಟ್ಟಿದ ಸುಣ್ಣಕ್ಕೆ, ಯಂತ್ರಕ್ಕೆಂದೇ ಸಿಗುವ ಸುಣ್ಣನಾಶಕವನ್ನು ಹಾಕಿ ಖಾಲಿ ಯಂತ್ರವನ್ನು ಒಮ್ಮೆ ಬಿಸಿಯಾಗಿ ಓಡಿಸಿದರೆ ಪ್ರಯೋಜನವುಂಟು.

ಇಷ್ಟಾದರೂ ನೀರು ತಣ್ಣಗಿದ್ದರೆ ಮುಂದಿನದು ಬಲ್ಲವನ ಕೆಲಸ. ಅವನು ಬಂದೊಡನೆ ಹೊಸ ಸುರುಳಿ ಹಾಕಬೇಕೆಂದರೆ, ಅಳೆದು ನೋಡಿದ್ದಾನೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ೧೮೦೦ ವಾಟ್ ಸುರುಳಿಯ ರೋಧ ಸುಮಾರು ೨೯ ಓಮ್ ಇರಬೇಕು. ಹಾಗಿದ್ದರೆ ಸುರುಳಿ ಬಹುಮಟ್ಟಿಗೆ ಕ್ಷೇಮ, ದೋಷ ಶಾಖವನ್ನು ಅಳೆಯುವ ಭಾಗದಲ್ಲೋ ನಿಯಂತ್ರಣ ಫಲಕದ ರಿಲೇಯಲ್ಲೋ ಇರಬಹುದು. ಸುರುಳಿಯಿಂದ ವಿದ್ಯುತ್ತು ಸೋರಿ ಮನೆಯ ರಕ್ಷಕ ಸ್ವಿಚ್ಚು ಪದೇ ಪದೇ ಬೀಳುತ್ತಿದ್ದರೆ ಯಂತ್ರವನ್ನು ಮುಟ್ಟಲೇಬಾರದು. ಆ ಸ್ವಿಚ್ಚನ್ನು ತಪ್ಪಿಸಿ ಯಂತ್ರ ನಡೆಸುವುದು ಪ್ರಾಣಕ್ಕೇ ಎರವಾದೀತು.

ಮೇಲೆ ಊಹಿಸಿದ ಮನೆಯಲ್ಲಿ ಜಾಲರಿ ತೊಳೆದು, ಉಪ್ಪು ತುಂಬಿ, ಅಂಕೆ ಬದಲಿಸಿ, ಸುಣ್ಣ ಬಿಡಿಸಿದ ಮೇಲೆ ಮೀಟರಿನ ದೀಪ ಬಡಬಡನೆ ಮಿನುಗಿದರೆ, ಸೊಸೆಗೆ ಅದು ದೀಪಾವಳಿಯ ದೀಪವೇ ಸರಿ. ಬೆಳಿಗ್ಗೆ ಅತ್ತೆ ಬಟ್ಟಲೊಂದನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ಉಜ್ಜಿ ನೋಡದೆ ಇರಲಾರರು. “ಕುಂದಾ ಮಾಡಿದ ಬೋಗಾಣಿ ಮಾತ್ರ ಕೈಲೇ ತಿಕ್ಕು,” ಎಂದಾರು. ಆ ಮಾತೂ ತಪ್ಪಲ್ಲ. ತಳ ಹಿಡಿದ ಹಾಲನ್ನು ನೆನೆಯಿಟ್ಟು ತಿಕ್ಕುವುದೇ ಇಂದಿಗೂ ಮೇಲು.