ಕೇರಿಯ ಕವಿಯ ಕೋಪ

ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಜನಿಸಿದ ಸಿದ್ಧಲಿಂಗಯ್ಯನವರಿಗೆ ಕಾವ್ಯದೀಕ್ಷೆಯು ಯಾವ ಪಂಡಿತಮಂಡಲಿಯಿಂದಲೂ ದೊರೆತುದಲ್ಲ. ತಮ್ಮ ತಂದೆಯವರನ್ನು ಎತ್ತಿನಂತೆ ನೊಗಕ್ಕೆ ಹೂಡಿ ಹೊಲವನ್ನು ಉತ್ತುದನ್ನು ಬಾಲ್ಯದಲ್ಲಿ ಕಣ್ಣಾರೆ ಕಂಡುದಾಗಿ ಅವರು ‘ಊರುಕೇರಿ’ ಎಂಬ ಆತ್ಮಕಥೆಯಲ್ಲಿ ಬರೆದಿರುವರು. ಮುಂದೆ ಬೆಂಗಳೂರಿನ ಶ್ರೀರಾಮಪುರದ ಬಡತನದಲ್ಲಿ ಬೆಳೆದ ಈ ತರುಣರು 1975ರಲ್ಲಿ ‘ಹೊಲೆಮಾದಿಗರ ಹಾಡು’ ಪ್ರಕಟಿಸಿದಾಗ ಸಂಭಾವಿತ ಸಾಹಿತ್ಯವು ಬೆಚ್ಚಿತು. ಆ ಕೋಪವು ಒಬ್ಬರ ಸ್ವಂತದ್ದಾಗಿರಲಿಲ್ಲ. ಗ್ರಂಥವನ್ನೋದಲಾರದ ಜನರೂ ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ಆ ಹಾಡುಗಳನ್ನು ಬಾಯಿಪಾಠವಾಗಿ ಹಾಡಿದರು.

ತರುವಾಯ ಅವರು ಪ್ರಾಧ್ಯಾಪಕರಾದರು, ವಿಧಾನಪರಿಷತ್ತಿನ ಸದಸ್ಯರಾದರು. 2015ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನೂ ಅಲಂಕರಿಸಿದರು. ಅಧಿಕಾರದ ನೆರಳಿನಲ್ಲಿ ಹಾಡಿನ ಕಾವು ಆರಿತೆಂದು ಕೆಲವರು ಆಕ್ಷೇಪಿಸಿದುದುಂಟು. ಆಕ್ಷೇಪವನ್ನು ಒಪ್ಪಿದರೂ ಆ ಹಾಡುಗಳು ಸುಳ್ಳಾಗವು. 2021ರ ಜೂನ್ 11ರಂದು ಕೋವಿಡ್ ರೋಗವು ಅವರನ್ನು ಒಯ್ದಿತು. ಮರುವರ್ಷ ಸರ್ಕಾರವು ಮರಣೋತ್ತರವಾಗಿ ಪದ್ಮಶ್ರೀಯನ್ನು ಘೋಷಿಸಿತು.

ಪ್ರಶಸ್ತಿಯನ್ನೀಯುವುದು ಸುಲಭ, ಊರಿಗೂ ಕೇರಿಗೂ ನಡುವಣ ಅಂತರವನ್ನಳಿಸುವುದು ಕಷ್ಟ. ಚನ್ನಪಟ್ಟಣ, ರಾಮನಗರ, ಮಾಗಡಿ, ಕನಕಪುರಗಳ ಮಹಾಜನರು ತಮ್ಮ ಸೀಮೆಯ ಈ ಕವಿಯ ವಿಷಯದಲ್ಲಿ ಅಭಿಮಾನಪಡುವುದಾದರೆ, ತಂತಮ್ಮ ಊರಿನ ಗುಡಿಯ ಬಾಗಿಲು ಎಲ್ಲರಿಗೂ ತೆರೆದಿರುವುದೇ ಎಂಬುದನ್ನು ಮೊದಲು ವಿಚಾರಿಸಿಕೊಳ್ಳಲಿ.