ದೇಹದ ಕೊಬ್ಬು ಮತ್ತು ರಕ್ತದೊತ್ತಡ

ದಪ್ಪಗಿರುವವರಲ್ಲಿ ರಕ್ತದೊತ್ತಡ ಹೆಚ್ಚಾಗಿ ಕಂಡುಬರುತ್ತದೆ ಎಂಬುದು ನಿಮಗೆ ಗೊತ್ತು. ಏಕೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಇದು: 'ಮೈ ಬೆಳೆದಂತೆ ರಕ್ತನಾಳಗಳ ಉದ್ದವೂ ಬೆಳೆಯುತ್ತದೆ. ಅಷ್ಟು ದೂರ ರಕ್ತವನ್ನು ನೂಕಲು ಹೃದಯ ಹೆಚ್ಚು ಒತ್ತಡ ಹಾಕಬೇಕು.' ಕೇಳಲು ಸರಿಯೆನಿಸುವ ಈ ಉತ್ತರ ಭೌತವಿಜ್ಞಾನಕ್ಕೆ ಒಪ್ಪುವುದಿಲ್ಲ.

ವಿದ್ಯುತ್ ಮಂಡಲದಲ್ಲಿ ವಿಭವಾಂತರವೆಂದರೆ ಪ್ರವಾಹ ಮತ್ತು ರೋಧಗಳ ಗುಣಲಬ್ಧ ಎಂದು ಶಾಲೆಯಲ್ಲಿ ಓದಿದ್ದೀರಿ. ರಕ್ತಪರಿಚಲನೆಗೂ ಹೆಚ್ಚುಕಡಿಮೆ ಇದೇ ಲೆಕ್ಕ. ಹೃದಯವು ನಿಮಿಷಕ್ಕೆ ಹೊರದೂಡುವ ರಕ್ತದ ಪ್ರಮಾಣವನ್ನು (ವಿಶ್ರಾಂತಿಯಲ್ಲಿ ಸುಮಾರು 5 ಲೀಟರ್) ನಾಳಗಳು ಒಡ್ಡುವ ರೋಧದಿಂದ ಗುಣಿಸಿದರೆ ಸರಾಸರಿ ಒತ್ತಡ ಸಿಗುತ್ತದೆ. ಹೊಸದಾಗಿ ಬೆಳೆದ ಅಂಗಾಂಶದ ನಾಳಗಳು ಹಳೆಯ ನಾಳಗಳ ತುದಿಗೆ ಸೇರುವುದಿಲ್ಲ. ಪಕ್ಕದಲ್ಲಿ, ಸಮಾಂತರವಾಗಿ ಸೇರುತ್ತವೆ. ಸಮಾಂತರ ಜೋಡಣೆಯಲ್ಲಿ ಒಟ್ಟು ರೋಧ ಇಳಿಯುತ್ತದೆಯಲ್ಲವೆ? ಹಾಗಾಗಿ ಪ್ರವಾಹ ಹೆಚ್ಚಿದರೂ ಒತ್ತಡ ಇದ್ದಲ್ಲೇ ಇರಬೇಕಿತ್ತು. ಸ್ಥೂಲಕಾಯರಲ್ಲಿ ಪ್ರವಾಹವೇನೋ ಹೆಚ್ಚುತ್ತದೆ, ಆದರೆ ರೋಧ ತಕ್ಕಷ್ಟು ಇಳಿಯುವುದಿಲ್ಲ. ಪ್ರಶ್ನೆ ಇರುವುದು ಇಲ್ಲಿ.

ಕೊಬ್ಬು ಬರಿಯ ಉಗ್ರಾಣವಲ್ಲ, ಅದು ರಾಸಾಯನಿಕಗಳನ್ನು ಸ್ರವಿಸುವ ಅಂಗಾಂಶ. 1994ರಲ್ಲಿ ಪತ್ತೆಯಾದ ಲೆಪ್ಟಿನ್ ಎಂಬ ಹಾರ್ಮೋನು ಅಲ್ಲಿಂದಲೇ ಬರುತ್ತದೆ. ಅದು ಮಿದುಳಿನ ಮೂಲಕ ಅನುವೇದನಾ ನರಗಳನ್ನು ಚುರುಕುಗೊಳಿಸುತ್ತದೆ. ಕಿರುಧಮನಿಗಳನ್ನು ಕುಗ್ಗಿಸುವ ಆಂಜಿಯೊಟೆನ್ಸಿನ್‌ಗೆ ಬೇಕಾದ ಮೂಲವಸ್ತುವನ್ನೂ ಕೊಬ್ಬಿನ ಕೋಶಗಳು ತಯಾರಿಸುತ್ತವೆ. ನಾಳದ ರೋಧವು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮಾನುಪಾತದಲ್ಲಿರುತ್ತದೆ. ತ್ರಿಜ್ಯ ಹತ್ತನೇ ಒಂದರಷ್ಟು ಕುಗ್ಗಿದರೆ ಸಾಕು, ರೋಧ ಒಂದೂವರೆ ಪಟ್ಟು! ಇದರ ಜೊತೆಗೆ ಮೂತ್ರಪಿಂಡವೂ ಸೇರಿಕೊಳ್ಳುತ್ತದೆ. ಹೊಟ್ಟೆಯೊಳಗಿನ ಕೊಬ್ಬು ಅದನ್ನು ಸುತ್ತಲಿಂದ ಅಕ್ಷರಶಃ ಒತ್ತುತ್ತದೆ, ನರಗಳು ಉಪ್ಪನ್ನು ಹಿಡಿದಿಡುವಂತೆ ಪ್ರಚೋದಿಸುತ್ತವೆ. ಆಗ ದಿನದ ಉಪ್ಪನ್ನು ಹೊರಹಾಕಲು ಮೂತ್ರಪಿಂಡಕ್ಕೆ ಮೊದಲಿಗಿಂತ ಹೆಚ್ಚಿನ ಒತ್ತಡವೇ ಬೇಕಾಗುತ್ತದೆ. ತೊಡೆಯ ಚರ್ಮದಡಿಯ ಕೊಬ್ಬು ಇಷ್ಟು ಉಪದ್ರವ ಕೊಡುವುದಿಲ್ಲ.

ಆದ್ದರಿಂದ ತೂಕವೊಂದನ್ನೇ ನೋಡಿ ಸಮಾಧಾನಪಡುವಂತಿಲ್ಲ. ಕಿಲೋಗ್ರಾಮ್ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿ ಪಡೆಯುವ ದೇಹತೂಕ ಸೂಚ್ಯಂಕ ಎಲ್ಲರಿಗೂ ಪರಿಚಿತ. ಅದು ಸ್ನಾಯು ಯಾವುದು, ಕೊಬ್ಬು ಯಾವುದು ಎಂದು ಹೇಳದು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮನ್ನೇ ಉದಾಹರಣೆಯಾಗಿ ಕೊಟ್ಟರು. ಇಬ್ಬರ ಸೂಚ್ಯಂಕವೂ 22.3. ಆದರೆ ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇಕಡ 9.1, ಯಾಜ್ಞಿಕರಲ್ಲಿ ಶೇಕಡ 21.2! ನಮ್ಮವರು ತೆಳ್ಳಗೆ ಕಂಡರೂ ಕೊಬ್ಬು ಹೊತ್ತಿರುತ್ತಾರೆ ಎಂಬುದಕ್ಕೆ ಇದಕ್ಕಿಂತ ಚೊಕ್ಕ ನಿದರ್ಶನ ನಾನು ಕಂಡಿಲ್ಲ. 2009ರಲ್ಲಿ ಭಾರತೀಯ ತಜ್ಞರು ಅಧಿಕ ತೂಕದ ಗಡಿಯನ್ನು 25ರಿಂದ 23ಕ್ಕೆ ಇಳಿಸಿದ್ದೂ ಇಂಥ ಕಾರಣಕ್ಕೇ.

ಮನೆಯಲ್ಲಿ ದರ್ಜಿಯ ಟೇಪು ಇದ್ದರೆ ತೆಗೆದುಕೊಳ್ಳಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಸಹಜವಾಗಿ ಉಸಿರು ಬಿಟ್ಟ ಮೇಲೆ ಅಳೆಯಿರಿ. (ಹೊಟ್ಟೆ ಒಳಗೆಳೆದುಕೊಂಡರೆ ಮೋಸಹೋಗುವವರು ನೀವೇ.) ಪುರುಷರಲ್ಲಿ 90, ಮಹಿಳೆಯರಲ್ಲಿ 80 ಸೆಂಟಿಮೀಟರ್ ಮೀರಿದ್ದರೆ, ತಕ್ಕಡಿ ಏನೇ ಹೇಳಲಿ, ರಕ್ತದೊತ್ತಡ ಪರೀಕ್ಷಿಸಿಕೊಳ್ಳಿ. 5 ಕಿಲೋಗ್ರಾಮ್ ಇಳಿಸಿದರೆ ಮೇಲಿನ ಅಂಕಿ ಸರಾಸರಿ 4 ಮಿಲಿಮೀಟರಿನಷ್ಟು ಇಳಿಯುತ್ತದೆ. ಆದರೆ ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಅಳೆಯುವಾಗ ತೋಳಿನ ಪಟ್ಟಿಯನ್ನೂ ಗಮನಿಸಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಅದರ ಒತ್ತಡ ಧಮನಿಯವರೆಗೆ ಪೂರ್ಣವಾಗಿ ತಲುಪದೆ ಅಂಕಿ ಸುಳ್ಳಾಗಿ ಏರುತ್ತದೆ. 2023ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಅತಿ ದೊಡ್ಡ ಪಟ್ಟಿ ಬೇಕಾದವರಿಗೆ ಸಾಮಾನ್ಯ ಪಟ್ಟಿ ಬಳಸಿದಾಗ ಮೇಲಿನ ಅಂಕಿ ಸರಾಸರಿ 19.5 ಮಿಲಿಮೀಟರ್ ಹೆಚ್ಚು ಬಂದಿತ್ತು. ನಿಮ್ಮ ತೋಳು ದಪ್ಪವಿದ್ದರೆ ದೊಡ್ಡ ಪಟ್ಟಿ ಕೇಳಲು ಸಂಕೋಚಪಡಬೇಡಿ.