ದೂರದಿಂದ ತೆರೆಯುವ ಬೀಗ

ಊರಿಗೆ ಹೊರಟವರು ಮನೆಯ ಬೀಗದ ಕೈಯನ್ನು ನೆರೆಯವರಿಗೆ ಒಪ್ಪಿಸಿ ಹೋಗುವ ವಾಡಿಕೆ ನಮ್ಮ ಕಡೆ ಇನ್ನೂ ಪೂರ್ತಿ ಅಳಿದಿಲ್ಲ. ಒಪ್ಪಿಸುವಾಗ ಯಾರೂ ಶಾಸ್ತ್ರಚರ್ಚೆಗೆ ತೊಡಗುವುದಿಲ್ಲ. ಆದರೆ ಯಾರಿಗೆ ಕೊಡಬೇಕು, ಗೊಂಚಲಿನಿಂದ ಯಾವ ಕೋಣೆಯ ಕೈಯನ್ನು ಮೊದಲೇ ಬಿಡಿಸಿಟ್ಟುಕೊಳ್ಳಬೇಕು ಎಂಬ ವಿವೇಚನೆ ಮನೆಯೊಡತಿಯ ಮನಸ್ಸಿನಲ್ಲಿ ಆಗಲೇ ಮುಗಿದಿರುತ್ತದೆ. ಮನೆಯ ಗಣಕಯಂತ್ರದಲ್ಲಿರುವ ಕಡತಗಳನ್ನು ಪರಊರಿನಿಂದ ತೆರೆದು ನೋಡುವ ಸೌಕರ್ಯಕ್ಕೂ ಬೇಕಾದದ್ದು ಬಹುಮಟ್ಟಿಗೆ ಇದೇ ವಿವೇಚನೆ.

ಈ ಸೌಕರ್ಯ ಯಾರಿಗೆ ಬೇಡ? ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನಿಂತ ರೀಲರಿಗೆ ಮನೆಯಲ್ಲಿಟ್ಟ ಲೆಕ್ಕ ಬೇಕಾಗುತ್ತದೆ. ಚನ್ನಪಟ್ಟಣದ ಬೊಂಬೆಯ ಕುಶಲಕರ್ಮಿಗೆ ಬೆಂಗಳೂರಿನ ಅಂಗಡಿಯಾತನ ಎದುರಿನಲ್ಲಿ ಹಳೆಯ ಮಾದರಿಯ ಚಿತ್ರ ತೋರಿಸಬೇಕಾಗುತ್ತದೆ. ನನ್ನ ಪಾಡು ಬೇರೆ. ಮಾಗಡಿ, ಕನಕಪುರದ ಸುತ್ತಿನ ಹಳ್ಳಿಗಳಲ್ಲಿ ಬರೆದುಕೊಂಡ ಸೋಬಾನೆ ಪದಗಳು, ಬೀಸುವ ಪದಗಳು, ಹಾಡಿದವರ ಧ್ವನಿಮುದ್ರಣಗಳು ಎಲ್ಲವೂ ನನ್ನ ಚನ್ನಪಟ್ಟಣದ ಮನೆಯ ಯಂತ್ರದಲ್ಲಿವೆ. ಹಾಡಿದವರಲ್ಲಿ ಬಹುಮಂದಿ ಈಗಿಲ್ಲ. ವರ್ಷದ ಕೆಲವು ತಿಂಗಳು ನಾನು ಮಾಗಡಿಯಲ್ಲಿ ಮಗಳ ಮನೆಯಲ್ಲಿರುತ್ತೇನೆ; ಒಂದು ಪದದ ಪಾಠಾಂತರ ನೋಡಬೇಕೆನಿಸಿದಾಗ ಯಂತ್ರ ಅಲ್ಲಿ, ನಾನು ಇಲ್ಲಿ.

ಅಂತರಜಾಲದಲ್ಲಿ ಪ್ರತಿಯೊಂದು ಸಂಪರ್ಕಕ್ಕೂ ಒಂದು ವಿಳಾಸವುಂಟು. ಆ ವಿಳಾಸಕ್ಕೆ 65,535ರವರೆಗೆ ಸಂಖ್ಯೆ ಹಾಕಿದ ಕಿಂಡಿಗಳುಂಟು; ಇವನ್ನು ಪೋರ್ಟ್ ಎನ್ನುತ್ತಾರೆ. ವಿಂಡೋಸ್ ಯಂತ್ರವನ್ನು ದೂರದಿಂದ ನಡೆಸಲು ರೂಢಿಯ ಕಿಂಡಿ 3389. ಕಡತಗಳನ್ನು ಹಂಚಿಕೊಳ್ಳುವ ಕಿಂಡಿ 445. ಮನೆಯ ರೌಟರಿನಲ್ಲಿ ಇವುಗಳಲ್ಲೊಂದನ್ನು ತೆರೆದಿಟ್ಟರೆ ನಾವು ಎಲ್ಲಿಂದಲಾದರೂ ಒಳಹೊಗಬಹುದು. ತೊಡಕಿರುವುದು ಅಲ್ಲಿಯೇ: ಕಿಂಡಿ ತೆರೆಯುವುದು ನಮಗೊಬ್ಬರಿಗೇ ಅಲ್ಲ. ಚಿತ್ರದುರ್ಗದ ಕಿಂಡಿಯನ್ನು ಹುಡುಕಲು ಹೈದರನ ಸೈನಿಕರು ಕಾದು ಕುಳಿತು ಹೊಂಚುಹಾಕಬೇಕಾಯಿತು. ಇಂದು ಆ ಕೆಲಸವನ್ನು ಮನುಷ್ಯರೇ ಮಾಡಬೇಕಿಲ್ಲ. ತಂತ್ರಾಂಶಗಳು ಹಗಲಿರುಳೂ ಲೋಕದ ಎಲ್ಲ ವಿಳಾಸಗಳ ಕದ ತಟ್ಟುತ್ತ, ತೆರೆದದ್ದು ಕಂಡೊಡನೆ ಪಾಸ್‌ವರ್ಡುಗಳನ್ನು ಒಂದಾದ ಮೇಲೊಂದು ಒಡ್ಡಿ ನೋಡುತ್ತವೆ. ಒನಕೆ ಹಿಡಿದು ಕಾಯುವ ಓಬವ್ವ ನಮ್ಮ ರೌಟರಿನಲ್ಲಿಲ್ಲ.

2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಪಿಡುಗು ಲೋಕವನ್ನೆಲ್ಲ ಹಬ್ಬಿದ್ದು ಈ 445ರ ಕಿಂಡಿಯ ದಾರಿಯಲ್ಲಿಯೇ. ಒಳಹೊಕ್ಕು ಕಡತಗಳಿಗೆಲ್ಲ ತನ್ನ ಬೀಗ ಜಡಿದು ಹಣ ಕೇಳುತ್ತಿತ್ತು. ಆ ಲೋಪವನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ ಹೊರತಂದಿತ್ತೆಂಬುದನ್ನು ಗಮನಿಸಬೇಕು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಅಂಥ ಹಳೆಯ ಯಂತ್ರವನ್ನು ಹಾಗೆಯೇ ಹೊರಲೋಕಕ್ಕೆ ತೆರೆದಿಡುವುದು ಸಾಹಸವಲ್ಲ, ಹುಂಬತನ.

ನನ್ನಂಥವರನ್ನು ಹೆಚ್ಚು ನಡುಗಿಸಬೇಕಾದದ್ದು 2021ರ ಜೂನ್ ತಿಂಗಳ ಘಟನೆ. ವೆಸ್ಟರ್ನ್ ಡಿಜಿಟಲ್ ಸಂಸ್ಥೆಯ 'ಮೈ ಬುಕ್ ಲೈವ್' ಎಂಬ ಪೆಟ್ಟಿಗೆ ಇದೇ ಸೌಕರ್ಯಕ್ಕೆಂದು ಮಾಡಿದ್ದು: ಮನೆಯಲ್ಲಿಟ್ಟರೆ ಒಳಗಿನ ಕಡತಗಳನ್ನು ಎಲ್ಲಿಂದಲಾದರೂ ನೋಡಬಹುದು. 2015ರ ತರುವಾಯ ಅದಕ್ಕೆ ತೇಪೆಗಳು ಬರುವುದು ನಿಂತಿತ್ತು. ಪೆಟ್ಟಿಗೆಗಳು ಮಾತ್ರ ಮನೆಗಳಲ್ಲಿ ಉರಿಯುತ್ತಲೇ ಇದ್ದವು. ಯಾರೋ ದೂರದಿಂದ ಅಪ್ಪಣೆ ಕೊಟ್ಟರು. ಅನೇಕರ ಪೆಟ್ಟಿಗೆ ಹೊಸತರಂತೆ ಬರಿದಾಯಿತು. ಕದ್ದು ಒಯ್ದರೆ ಒಂದು ಪ್ರತಿಯಾದರೂ ಲೋಕದಲ್ಲಿ ಉಳಿದೀತು, ಅಳಿಸಿದರೆ ಏನು ಉಳಿದೀತು? ಸತ್ತವರ ದನಿಯನ್ನು ಮತ್ತೆ ಯಾರಿಂದ ಹಾಡಿಸೋಣ? ರೀಲರಿನ ಲೆಕ್ಕಕ್ಕೆ ಕಳವಿನ ಭಯ ದೊಡ್ಡದು, ನನ್ನ ಹಾಡುಗಳಿಗೆ ಅಳಿವಿನ ಭಯ ದೊಡ್ಡದು. ಅಪಾಯವನ್ನು ತೂಗುವಾಗ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನಿದೆ ಎಂಬುದನ್ನು ನೋಡದೆ ತೂಕ ಹೇಳಲಾಗದು.

ಹಾಗಾದರೆ ಒಳ್ಳೆಯ ದಾರಿಯಿಲ್ಲವೆ? ಇದೆ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಹೊಂಚಿ ಕುಳಿತು ಪಾಸ್‌ವರ್ಡುಗಳನ್ನು ಕದ್ದರು. ಅಲ್ಲಿಯ ತಾತು ಯ್ಲೋನೆನ್ ಎಂಬವರು ಅದರಿಂದ ಎಚ್ಚೆತ್ತು ಎಸ್‌ಎಸ್‌ಎಚ್ ಎಂಬ ಗೂಢಲಿಪಿಯ ಮಾರ್ಗವನ್ನು ರಚಿಸಿದರು. ವಿಪಿಎನ್ ಎಂಬ ಸುರಂಗವೂ ಇದರ ದಾಯಾದಿಯೇ. (ಜಾಹೀರಾತಿನಲ್ಲಿ ಮಾರುವ ವಿಪಿಎನ್ ನಮ್ಮ ವಿಳಾಸ ಮರೆಸುವುದಕ್ಕೆ, ನಾನು ಹೇಳುತ್ತಿರುವುದು ನಮ್ಮ ಮನೆಗೇ ತೋಡಿಕೊಂಡ ಸುರಂಗ.) ವೈರ್‌ಗಾರ್ಡ್ ಎಂಬ ಬಗೆಯಲ್ಲಿ ಸರಿಯಾದ ಕೀಲಿಯಿಲ್ಲದೆ ಕದ ತಟ್ಟಿದವನಿಗೆ ಒಳಗಿನಿಂದ ಉತ್ತರವೇ ಬರುವುದಿಲ್ಲ, ಮನೆಯಲ್ಲಿ ಯಾರೂ ಇಲ್ಲವೆಂದೇ ಅವನೆಣಿಸಬೇಕು. ನಮ್ಮಲ್ಲಿ ಅನೇಕ ಸಂಪರ್ಕಗಳಿಗೆ ಸ್ವಂತ ವಿಳಾಸವಿರುವುದಿಲ್ಲ, ಹಲವು ಮನೆಗಳಿಗೆ ಸೇರಿ ಒಂದೇ ವಿಳಾಸ. ಅಂಥವರು ಟೇಲ್‌ಸ್ಕೇಲ್‌ನಂಥ ಮಧ್ಯವರ್ತಿಯನ್ನು ಆಶ್ರಯಿಸಬೇಕಾಗುತ್ತದೆ.

ಎನಿಡೆಸ್ಕ್, ಟೀಮ್‌ವ್ಯೂವರ್ ಮೊದಲಾದವೂ ಮಧ್ಯವರ್ತಿಗಳೇ, ಉಪಯುಕ್ತವೂ ಹೌದು. ಆದರೆ ಇಲ್ಲಿ ಕಳ್ಳನು ಗೋಡೆ ಕೊರೆಯಬೇಕಿಲ್ಲ, ಫೋನು ಮಾಡಿದರೆ ಸಾಕು. 'ಬ್ಯಾಂಕಿನಿಂದ ಮಾತನಾಡುತ್ತಿದ್ದೇನೆ, ಈ ತಂತ್ರಾಂಶ ಹಾಕಿಕೊಳ್ಳಿ, ಕಾಣುವ ಸಂಖ್ಯೆ ಓದಿ' ಎನ್ನುತ್ತಾನೆ. ಓದಿದೊಡನೆ ನಮ್ಮ ಕೈಯಿಂದಲೇ ಕದ ತೆರೆದಂತಾಯಿತು. ಎನಿಡೆಸ್ಕಿನ ಇಂಥ ದುರುಪಯೋಗವನ್ನು ಕುರಿತು ರಿಸರ್ವ್ ಬ್ಯಾಂಕು 2019ರ ಫೆಬ್ರವರಿಯಲ್ಲಿಯೇ ಎಚ್ಚರಿಸಿತ್ತು. ಹಣ ಹೋದವರು ತಡಮಾಡದೆ 1930ಕ್ಕೆ ಕರೆಮಾಡಬೇಕು.

ನಾನು ಮಾಡಿಕೊಂಡ ಏರ್ಪಾಡು ಸರಳವಾದದ್ದು. ಸುರಂಗದ ಆಚೆಗೆ ಇಡೀ ಯಂತ್ರ ಕಾಣುವುದಿಲ್ಲ, ಹಾಡುಗಳ ಒಂದು ಕಡತಕೋಶ ಮಾತ್ರ ಕಾಣುತ್ತದೆ. ಅದನ್ನೂ ಓದಬಹುದೇ ಹೊರತು ತಿದ್ದಲಾಗದು, ಅಳಿಸಲಾಗದು. ಪಾಸ್‌ವರ್ಡಿನ ಮೇಲೆ ಎರಡನೆಯ ಹಂತದ ಪರೀಕ್ಷೆಯಿದೆ. ಎಲ್ಲದರ ಇನ್ನೊಂದು ಪ್ರತಿ ಬೀರುವಿನಲ್ಲಿ, ತಂತಿ ಕಳಚಿದ ಡಿಸ್ಕಿನಲ್ಲಿದೆ. ಜೋಡಿಸಿಯೇ ಇಟ್ಟರೆ ಯಂತ್ರಕ್ಕೆ ಬಂದ ಗತಿ ಅದಕ್ಕೂ ಬಂದೀತು. ಚನ್ನಪಟ್ಟಣದಲ್ಲಿ ಕರೆಂಟು ಹೋದರೆ ಇಷ್ಟೆಲ್ಲ ವಿದ್ಯೆಯೂ ನಿಷ್ಪ್ರಯೋಜಕವೆನ್ನಿ. ಆಗ ಬೀಗದ ಕೈ ಇರುವ ನೆರೆಯವರೇ ಹೋಗಿ ಗುಂಡಿ ಒತ್ತಬೇಕು.

ಒಂದು ಕಡತಕೋಶವನ್ನು ಮಾತ್ರ ಜಾಲದ ಹೊರಗೇ ಇಟ್ಟಿದ್ದೇನೆ. ಕೆಲವು ಹೆಂಗಸರು ತಮ್ಮ ಮನೆಯ ದುಃಖವನ್ನೂ ಹೆಸರುಗಳನ್ನೂ ಹಾಡಿನೊಳಗೆ ಸೇರಿಸಿ ಹಾಡಿ, 'ಇದು ಹೊರಗೆ ಕೇಳಬಾರದು ಸ್ವಾಮಿ' ಎಂದಿದ್ದರು. ಅದನ್ನು ಕೇಳಬೇಕಾದರೆ ನಾನು ಮಾಗಡಿಯಲ್ಲಿ ಬಸ್ಸು ಹತ್ತಿ, ರಾಮನಗರದಲ್ಲಿ ಇಳಿದು, ಚನ್ನಪಟ್ಟಣಕ್ಕೆ ಇನ್ನೊಂದು ಬಸ್ಸು ಹಿಡಿಯುತ್ತೇನೆ.